ಅಕ್ರಿಲಿಕ್ ಶೀಟ್ ಕತ್ತರಿಸಲು ಯಾವುದು ಸರಿ: ಗೀರಿ ಮುರಿಯುವುದೋ, ಗರಗಸವೋ, ಲೇಸರೋ?

ಅಮ್ಮನ ಪಟ್ಟದ ಗೊಂಬೆಗಳಿಗೆ ದೂಳು ಕೂರದ ಹಾಗೆ ಒಂದು ಪೆಟ್ಟಿಗೆ ಮಾಡಿಕೊಡಬೇಕು ಅಂತ ಒಮ್ಮೆ ದಸರಾಕ್ಕೆ ಮುಂಚೆ ಮನಸ್ಸಾಯಿತು. ಮಕ್ಕಳು ಓಡಾಡುವ ಮನೆ, ಗಾಜು ಬೇಡ ಅನ್ನಿಸಿತು. 3 ಎಂಎಂ ಅಕ್ರಿಲಿಕ್ ಶೀಟ್ ತಂದೆ. ಬೇಕಿದ್ದದ್ದು ಐದು ತುಂಡು, ಎಲ್ಲವೂ ನೇರ ಗೆರೆ. ಕೈಗೆ ಸಿಕ್ಕ ಜಿಗ್‌ಸಾ (ಸಪೂರ ಬ್ಲೇಡು ಮೇಲೆ ಕೆಳಗೆ ಆಡುವ ಕರೆಂಟಿನ ಗರಗಸ) ತೆಗೆದುಕೊಂಡು ಮೊದಲ ತುಂಡು ಕತ್ತರಿಸಿದೆ. ಬ್ಲೇಡು ಮುಂದೆ ಹೋದ ಹಾಗೆ ಹಿಂದಿನ ಸೀಳು ಕರಗಿ ಮತ್ತೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಒಂದು ಮೂಲೆ ಚಕ್ಕೆ ಹಾರಿತು.

ಉಳಿದ ನಾಲ್ಕು ತುಂಡನ್ನು ಒಂದು ಚಿಕ್ಕ ಕೈ ಕಟರ್‌ನಿಂದ ಗೀರಿ ಮುರಿದೆ. ಸದ್ದಿಲ್ಲ, ಹೊಟ್ಟಿಲ್ಲ, ಸುಟ್ಟ ವಾಸನೆಯಿಲ್ಲ. ಅಂಚು ನೇರ ಬಂತು. ಆಮೇಲೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ದಾರಿಯಲ್ಲಿ ಕತ್ತರಿಸಿ ನೋಡಿದ್ದೇನೆ. ಈಗ ಯಾವ ಮೆಷಿನ್ ಇದೆ ಎಂದು ನೋಡುವ ಮೊದಲು ಮೂರು ವಿಷಯ ನೋಡುತ್ತೇನೆ. ಶೀಟ್ ಎಷ್ಟು ದಪ್ಪ? ಗೆರೆ ನೇರವೋ, ಬಳುಕುವುದೋ? ಕತ್ತರಿಸಿದ ಅಂಚು ಕೊನೆಗೆ ಎಲ್ಲಿಗೆ ಹೋಗುತ್ತದೆ? ಫ್ರೇಮಿನೊಳಗೆ ಅಡಗುವ ಅಂಚು ಬೇರೆ, ಕಣ್ಣಿಗೆ ಕಾಣುವ ಅಂಚು ಬೇರೆ, ಇನ್ನೊಂದು ತುಂಡಿಗೆ ಅಂಟಿಸಬೇಕಾದ ಅಂಚು ಬೇರೆ. ಮೂರಕ್ಕೂ ಒಂದೇ ಉಪಕರಣ ಹುಡುಕಿದರೆ ಸುಮ್ನೆ ಶೀಟ್ ಹಾಳು.

ಮೊದಲು ಶೀಟಿನ ಸ್ವಭಾವ

ಅಕ್ರಿಲಿಕ್‌ಗೆ ಎರಡು ಕಷ್ಟ ಇದೆ. ಅದು ಗಾಜಿನ ಹಾಗೆ ಬಿರುಕು ಬಿಡುತ್ತದೆ, ಮೇಣದ ಹಾಗೆ ಮೆತ್ತಗೂ ಆಗುತ್ತದೆ. ಸುಮಾರು 105 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅದು ಗಟ್ಟಿಯಾಗಿ ಉಳಿಯುವುದಿಲ್ಲ. ಬ್ಲೇಡಿನ ತಿಕ್ಕಾಟಕ್ಕೆ ಇದು ದೊಡ್ಡ ಬಿಸಿಯೇ ಅಲ್ಲ. ಲೋಹ ಆಗಿದ್ದರೆ ಆ ಬಿಸಿ ತುಂಡಿನ ತುಂಬ ಹರಡಿ ಹೋಗುತ್ತಿತ್ತು. ಅಕ್ರಿಲಿಕ್‌ನಲ್ಲಿ ಬಿಸಿ ಸುಲಭವಾಗಿ ಹರಿಯುವುದಿಲ್ಲ, ಹಲ್ಲು ತಾಗಿದ ಜಾಗದಲ್ಲೇ ನಿಲ್ಲುತ್ತದೆ. ಆದ್ದರಿಂದ ನಿಧಾನವಾಗಿ ಉಜ್ಜಿದರೆ ಕರಗುತ್ತದೆ, ಅವಸರದಲ್ಲಿ ತಳ್ಳಿದರೆ ಚಕ್ಕೆ ಏಳುತ್ತದೆ. ಮುಂದೆ ಹೇಳುವ ಎಲ್ಲ ಉಪಕರಣಗಳೂ ಈ ಎರಡರ ನಡುವೆ ಹೇಗೆ ದಾರಿ ಮಾಡಿಕೊಳ್ಳುತ್ತವೆ ಎಂಬುದೇ ಹೋಲಿಕೆ.

ಅಂಗಡಿಯಲ್ಲಿ ಎರಡು ಜಾತಿಯ ಶೀಟ್ ಸಿಗುತ್ತದೆ, ಕಾಸ್ಟ್ ಮತ್ತು ಎಕ್ಸ್‌ಟ್ರೂಡೆಡ್. ಎರಡು ಗಾಜಿನ ಹಲಗೆಗಳ ನಡುವೆ ದ್ರವ ಸುರಿದು ಗಟ್ಟಿ ಮಾಡಿದ್ದು ಕಾಸ್ಟ್. ಬಿಸಿ ಮಾಡಿ ಒತ್ತಿ ಹೊರತೆಗೆದದ್ದು ಎಕ್ಸ್‌ಟ್ರೂಡೆಡ್. ನೋಡಲು ಎರಡೂ ಒಂದೇ. ಗರಗಸ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಕಾಸ್ಟ್ ಶೀಟ್ ಪುಡಿ ಪುಡಿಯಾಗಿ ಹೊರಬರುತ್ತದೆ, ಎಕ್ಸ್‌ಟ್ರೂಡೆಡ್ ಬೇಗ ಮೆತ್ತಗಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಪವರ್ ಟೂಲ್‌ನಿಂದ ಕತ್ತರಿಸುವುದಾದರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದರೂ ಕಾಸ್ಟ್ ತನ್ನಿ. ಬರೀ ಗೀರಿ ಮುರಿಯುವುದಾದರೆ ಯಾವುದಾದರೂ ನಡೆಯುತ್ತದೆ. ಕೊಟ್ಟದ್ದು ಕಾಸ್ಟ್ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ವರ್ನಿಯರ್ ಕ್ಯಾಲಿಪರ್‌ನಿಂದ ನಾಲ್ಕೈದು ಕಡೆ ದಪ್ಪ ಅಳೆಯಿರಿ. ಎಕ್ಸ್‌ಟ್ರೂಡೆಡ್ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಇರುತ್ತದೆ, ಕಾಸ್ಟ್‌ನಲ್ಲಿ ಏರಿಳಿತ ಕಾಣುತ್ತದೆ.

ಇನ್ನೊಂದು ಗೊಂದಲ ಪಾಲಿಕಾರ್ಬೊನೇಟ್‌ನದು. ಅದೂ ಪಾರದರ್ಶಕ, ಆದರೆ ಬಗ್ಗುತ್ತದೆ, ಮುರಿಯುವುದಿಲ್ಲ. ಗೀರಿ ಮುರಿಯಲು ಹೋದರೆ ನಿಮ್ಮ ಕೈ ಸೋಲುತ್ತದೆ. ಒಂದು ಸಣ್ಣ ಚೂರನ್ನು ಪಕ್ಕಡ್‌ನಲ್ಲಿ ಹಿಡಿದು ಬಗ್ಗಿಸಿ ನೋಡಿ. ಟಕ್ ಅಂತ ಮುರಿದರೆ ಅಕ್ರಿಲಿಕ್, ಮಡಚಿಕೊಂಡರೆ ಪಾಲಿಕಾರ್ಬೊನೇಟ್.

ಶೀಟ್ ಮೇಲಿನ ಕಾಗದ ಅಥವಾ ಪ್ಲಾಸ್ಟಿಕ್ ಫಿಲ್ಮನ್ನು ಕೆಲಸ ಮುಗಿಯುವ ತನಕ ಕೀಳಬೇಡಿ. ಗುರುತು ಹಾಕುವುದೂ ಅದರ ಮೇಲೆಯೇ. ಪೂರ್ತಿ 8 ಅಡಿಗೆ 4 ಅಡಿ ಶೀಟ್ 3 ಎಂಎಂ ದಪ್ಪದಲ್ಲೇ ಹತ್ತು ಕೆಜಿ ದಾಟುತ್ತದೆ, ಜೊತೆಗೆ ಬಳುಕುತ್ತದೆ. ಅಂಗಡಿಯಲ್ಲೇ ಅಳತೆಗಿಂತ ಒಂದಿಂಚು ಜಾಸ್ತಿ ಬಿಟ್ಟು ತುಂಡು ಮಾಡಿಸಿಕೊಂಡು ಬನ್ನಿ. ಸ್ಕೂಟರ್ ಹಿಂದೆ ಕೂತವರು ಇಡೀ ಶೀಟ್ ಹಿಡಿದು ಬರುವುದು ಅಪಾಯ.

ಗೀರಿ ಮುರಿಯುವುದು: 3 ಎಂಎಂ ತನಕ ಇದನ್ನು ಮೀರಿಸುವುದು ಇನ್ನೊಂದಿಲ್ಲ

ನೇರ ಗೆರೆ, 2 ಅಥವಾ 3 ಎಂಎಂ ಶೀಟ್ ಅಂದರೆ ನನ್ನ ಉತ್ತರ ಯಾವಾಗಲೂ ಇದೇ. ಬೇಕಾದದ್ದು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿದ ಮೂತಿಯ ಅಕ್ರಿಲಿಕ್ ಕಟರ್. ನಮ್ಮ ಬಡಗಿಗಳು ಸನ್‌ಮೈಕಾ ಕತ್ತರಿಸಲು ಹಳೆಯ ಹ್ಯಾಕ್ಸಾ ಬ್ಲೇಡನ್ನು ಸಾಣೆ ಹಿಡಿದು ಮಾಡಿಕೊಳ್ಳುತ್ತಾರಲ್ಲ, ಅದೂ ಇದೇ ಕೆಲಸ ಮಾಡುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಪೇಟೆಯಲ್ಲಿ ಸನ್‌ಮೈಕಾ ಕಟರ್ ಅಂತ ಕೇಳಿದರೂ ಕೊಡುತ್ತಾರೆ. ಸಾಮಾನ್ಯ ಪೇಪರ್ ಕಟರ್‌ನ ಚೂಪು ಬಾಯಿ ಇದಕ್ಕೆ ಸರಿಯಲ್ಲ. ಅದು ಸೀಳಿಕೊಂಡು ಹೋಗಿ ದಾರಿ ತಪ್ಪುತ್ತದೆ. ಬೇರೆ ಏನೂ ಇಲ್ಲ ಅಂದಾಗ ಆ ಬ್ಲೇಡನ್ನು ತಿರುಗಿಸಿ ಬೆನ್ನಿನ ಕಡೆಯಿಂದ ಎಳೆಯಿರಿ. ಆಗ ಅದು ಕೆರೆಯುತ್ತದೆ. ನಮಗೆ ಬೇಕಾದದ್ದು ಕೆರೆತವೇ.

ಸ್ಟೀಲ್ ಸ್ಕೇಲನ್ನು ಎರಡು ತುದಿಗೂ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಬರೀ ಕೈಯಲ್ಲಿ ಒತ್ತಿ ಹಿಡಿದ ಸ್ಕೇಲ್ ಐದನೇ ಗೀರಿಗೆ ಜಾರುತ್ತದೆ, ಆಗ ಶೀಟ್ ನಡುವೆ ಅಳಿಸಲಾಗದ ಒಂದು ಗೆರೆ. ಮೊದಲ ಎರಡು ಮೂರು ಎಳೆತ ಹಗುರವಾಗಿರಲಿ, ದಾರಿ ಮಾಡಲು ಮಾತ್ರ. ಆಮೇಲೆ ಒತ್ತಡ ಕೊಡಿ. ಸರಿಯಾಗಿ ಕೆರೆದರೆ ಪ್ರತಿ ಎಳೆತಕ್ಕೂ ಒಂದು ತೆಳು ದಾರ ಸುರುಳಿಯಾಗಿ ಎದ್ದು ಬರುತ್ತದೆ. ಬರೀ ಪುಡಿ ಬರುತ್ತಿದ್ದರೆ ಕಟರ್ ಮೊಂಡಾಗಿದೆ ಅಥವಾ ಕೋನ ತಪ್ಪಿದೆ. 3 ಎಂಎಂಗೆ ಎಂಟು ಹತ್ತು ಎಳೆತ ಸಾಕು, ದಪ್ಪದ ಮೂರನೇ ಒಂದು ಭಾಗದಷ್ಟು ಆಳ ಆಗಬೇಕು. ಗೀರು ಈ ಅಂಚಿನಿಂದ ಆ ಅಂಚಿನ ತನಕ ಪೂರ್ತಿ ಹೋಗಲೇಬೇಕು. ಕೊನೆಯ ಅರ್ಧ ಇಂಚು ಬಿಟ್ಟರೆ ಮುರಿತ ಅಲ್ಲೇ ಅಡ್ಡದಾರಿ ಹಿಡಿಯುತ್ತದೆ. ಮೂಲೆಗಳಲ್ಲಿ ಚಕ್ಕೆ ಹಾರುವುದು ಹೆಚ್ಚಾಗಿ ಈ ಕಾರಣಕ್ಕೇ.

ಮುರಿಯುವಾಗ ಗೀರು ಮೇಲ್ಮುಖವಾಗಿರಲಿ, ಮೇಜಿನ ಅಂಚಿಗೆ ಸರಿಯಾಗಿ ಕೂರಲಿ. ಒಳಗಿನ ಭಾಗದ ಮೇಲೆ ಒಂದು ಮರದ ಪಟ್ಟಿ ಇಟ್ಟು ಕ್ಲ್ಯಾಂಪ್ ಮಾಡಿ, ಹೊರಗೆ ಚಾಚಿದ ಭಾಗವನ್ನು ಎರಡೂ ಅಂಗೈಯಿಂದ ಒಮ್ಮೆಲೇ ಕೆಳಕ್ಕೆ ಒತ್ತಿ. ಅನುಮಾನಿಸುತ್ತ ಮೆಲ್ಲಗೆ ಬಗ್ಗಿಸಬೇಡಿ. ಕಣ್ಣಿನ ರಕ್ಷಣೆಗೆ ಹಾಕುವ ಸೇಫ್ಟಿ ಕನ್ನಡಕ ಹಾಕಿಕೊಂಡೇ ಮಾಡಿ, ಚೂರು ಹಾರುವುದು ಕಣ್ಣಿನ ಎತ್ತರಕ್ಕೇ.

ಇದರ ಮಿತಿ ಸ್ಪಷ್ಟ. ಬಳುಕುವ ಗೆರೆ ಆಗುವುದಿಲ್ಲ. ಎಲ್ ಆಕಾರದ ಒಳಮೂಲೆ ಆಗುವುದಿಲ್ಲ. ಒಂದಿಂಚಿಗಿಂತ ಸಪೂರ ಪಟ್ಟಿ ಮುರಿಯಲು ಹಿಡಿತ ಸಿಗುವುದಿಲ್ಲ. 4, 5 ಎಂಎಂ ಶೀಟನ್ನು ಎರಡೂ ಕಡೆಯಿಂದ ಗೀರಿ ಮುರಿಯಬಹುದು, ಆದರೆ ಎರಡು ಗೆರೆ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. 6 ಎಂಎಂಗೆ ಇದನ್ನು ಯಾರಿಗೂ ಹೇಳುವುದಿಲ್ಲ.

ಕೈ ಗರಗಸ

ಪವರ್ ಟೂಲ್ ಇಲ್ಲ, ಶೀಟ್ ದಪ್ಪ ಇದೆ, ಅಥವಾ ಬಾಕ್ಸಿನಲ್ಲಿ ಒಂದು ಕಚ್ಚು ತೆಗೆಯಬೇಕು ಅಂದಾಗ ಹ್ಯಾಕ್ಸಾ ಒಳ್ಳೆಯ ಗೆಳೆಯ. ಇಂಚಿಗೆ 24 ಅಥವಾ 32 ಹಲ್ಲಿನ ಬ್ಲೇಡ್ ಹಾಕಿ. ಲೆಕ್ಕ ಸುಲಭ: ಶೀಟಿನ ದಪ್ಪದೊಳಗೆ ಒಂದೇ ಸಲಕ್ಕೆ ಮೂರು ಹಲ್ಲಾದರೂ ಇರಬೇಕು. 32 ಹಲ್ಲಿನ ಬ್ಲೇಡ್ 3 ಎಂಎಂ ಶೀಟಿನಲ್ಲಿ ಸುಮಾರು ನಾಲ್ಕು ಹಲ್ಲು ಇಡುತ್ತದೆ, 18ರ ಬ್ಲೇಡ್ ಎರಡೇ. ಹಲ್ಲು ಕಡಿಮೆಯಾದರೆ ಅಂಚಿಗೆ ಸಿಕ್ಕಿಕೊಂಡು ಚಕ್ಕೆ ಕೀಳುತ್ತದೆ. ಗರಗಸವನ್ನು ನೆಟ್ಟಗೆ ಹಿಡಿಯದೆ ವಾರೆಯಾಗಿ ಹಿಡಿದರೆ ಒಳಗಿರುವ ಹಲ್ಲಿನ ಸಂಖ್ಯೆ ಹೆಚ್ಚುತ್ತದೆ. ಗೆರೆಗೆ ತೀರ ಹತ್ತಿರ ಕ್ಲ್ಯಾಂಪ್ ಮಾಡಿ, ಶೀಟ್ ಅದುರಲೇಬಾರದು. ಬಳುಕುವ ಗೆರೆಗೆ ಕೋಪಿಂಗ್ ಸಾ, ಅಂದರೆ ಸಪೂರ ಬ್ಲೇಡಿನ ಕೈ ಗರಗಸ ಇದೆ. ನಿಧಾನ, ಆದರೆ ಕೈ ಗರಗಸ ಕರಗುವಷ್ಟು ಬಿಸಿ ಮಾಡುವುದು ಕಡಿಮೆ. ಗರಗಸದ ಅಂಚು ಮಾತ್ರ ಒರಟು, ಎಷ್ಟೇ ಕಾಳಜಿ ಮಾಡಿದರೂ ಅರ ಹಿಡಿಯಲೇಬೇಕು. 1 ಎಂಎಂ ಜಾಸ್ತಿ ಬಿಟ್ಟು ಕತ್ತರಿಸಿ.

ಜಿಗ್‌ಸಾ: ಸಣ್ಣ ಹಲ್ಲು ಒಳ್ಳೆಯದು ಅನ್ನುವ ತಪ್ಪು

ಕೈ ಗರಗಸದಲ್ಲಿ ಸಣ್ಣ ಹಲ್ಲು ಒಳ್ಳೆಯದು ಅಂದೆ. ಜಿಗ್‌ಸಾದಲ್ಲಿ ಅದೇ ಬುದ್ಧಿ ಓಡಿಸಿ ಲೋಹ ಕತ್ತರಿಸುವ ಸಣ್ಣ ಹಲ್ಲಿನ ಬ್ಲೇಡ್ ಹಾಕಿದ್ದೇ ನನ್ನ ಮೊದಲ ತುಂಡು ಕೆಡಲು ಕಾರಣ. ಮೋಟಾರಿನ ವೇಗದಲ್ಲಿ ಸಣ್ಣ ಹಲ್ಲುಗಳ ನಡುವಿನ ಸಂದು ಕೂಡಲೇ ತುಂಬಿಹೋಗುತ್ತದೆ. ಹೊಟ್ಟು ಹೊರಗೆ ಬರುವುದಿಲ್ಲ. ಅದು ಅಲ್ಲೇ ಉಜ್ಜಿ ಬಿಸಿಯಾಗಿ ಕರಗಿ ಸೀಳನ್ನು ಮುಚ್ಚುತ್ತದೆ. ಇಲ್ಲಿ ಬೇಕಾದದ್ದು ಹೊಟ್ಟು ಹೊತ್ತು ಹೊರಗೆ ಹಾಕುವಷ್ಟು ಸಂದಿರುವ, ಚೂಪಾದ, ಮಧ್ಯಮ ಹಲ್ಲಿನ ಬ್ಲೇಡ್. ಬಾಷ್‌ನ ಟಿ101ಎ ಬ್ಲೇಡ್ ಅಕ್ರಿಲಿಕ್‌ಗೆಂದೇ ಮಾಡಿದ್ದು. ಅದು ಸಿಗದಿದ್ದರೆ ಮರಕ್ಕೆ ಕ್ಲೀನ್ ಕಟ್ ಕೊಡುವ ಹೊಸ ಬ್ಲೇಡ್ ಹಾಕಿ. ಪ್ಲೈವುಡ್ ಕತ್ತರಿಸಿ ಮೊಂಡಾದದ್ದು ಬೇಡವೇ ಬೇಡ.

ಬ್ಲೇಡನ್ನು ಹಿಂದೆ ಮುಂದೆ ಆಡಿಸುವ ಪೆಂಡುಲಮ್ ಗುಂಡಿಯನ್ನು ಸೊನ್ನೆಗೆ ಇಡಿ. ವೇಗದ ಚಕ್ರ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಗೆರೆಯ ಮೇಲೆ ಅಗಲದ ಸೆಲ್ಲೋ ಟೇಪ್ ಅಂಟಿಸಿದರೆ ಕರಗಿ ಅಂಟುವುದು, ಚಕ್ಕೆ ಏಳುವುದು ಎರಡೂ ಕಡಿಮೆ. ಶೀಟಿನ ಅಡಿಗೆ ತೆಳು ಪ್ಲೈವುಡ್ ಇಟ್ಟು ಎರಡನ್ನೂ ಸೇರಿಸಿ ಕತ್ತರಿಸುವುದು ಇನ್ನೂ ಒಳ್ಳೆಯದು, ಅದುರುವುದಿಲ್ಲ. ಮೆಷಿನ್ನಿನ ಪಾದ ಶೀಟಿಗೆ ಒತ್ತಿಕೊಂಡೇ ಇರಲಿ. ಬ್ಲೇಡ್ ಪೂರ್ತಿ ನಿಲ್ಲುವ ಮೊದಲು ಮೇಲೆತ್ತಿದರೆ ಅದು ಅಂಚಿಗೆ ಬಡಿದು ಬಿರುಕು ಬಿಡುತ್ತದೆ. ಪುಡಿ ಉದುರುತ್ತಿದೆಯಾ ಅಂತ ಕಣ್ಣಿಡಿ. ಪುಡಿಯ ಬದಲು ಅಂಟಂಟು ಎಳೆ ಬರಲು ಶುರುವಾದರೆ ವೇಗ ಇಳಿಸಿ, ಸ್ವಲ್ಪ ತಣಿಯಲು ಬಿಡಿ. ತಣಿಸಲು ನೀರು ಚಿಮುಕಿಸುವುದನ್ನು ಕೆಲವರು ಹೇಳುತ್ತಾರೆ. ಕೈಯಲ್ಲಿ ವೈರ್ ಇರುವ ಮೆಷಿನ್ ಹಿಡಿದು ನೀರಿನ ಸಹವಾಸ ಬೇಡ.

ಇಷ್ಟೆಲ್ಲ ಮಾಡಿದರೂ ಜಿಗ್‌ಸಾ ಅಂಚು ಗೆರೆಗೆರೆಯಾಗಿಯೇ ಬರುತ್ತದೆ. ದುಂಡು ಆಕಾರ, ಹೆಸರಿನ ಫಲಕ, 4ರಿಂದ 8 ಎಂಎಂ ಶೀಟ್, ಇವಕ್ಕೆ ಮನೆಯಲ್ಲಿ ಇದೇ ಅನುಕೂಲ. ನೇರ ಗೆರೆಗೆ ಇದು ನನ್ನ ಮೊದಲ ಆಯ್ಕೆ ಅಲ್ಲ.

ಸರ್ಕ್ಯುಲರ್ ಸಾ, ಮತ್ತು ಮಾರ್ಬಲ್ ಕಟರ್ ಬಗ್ಗೆ ಒಂದು ಮಾತು

6 ಎಂಎಂ, 8 ಎಂಎಂ ಶೀಟಿನಲ್ಲಿ ಉದ್ದದ ನೇರ ಗೆರೆ ಬೇಕಾದರೆ ಸರ್ಕ್ಯುಲರ್ ಸಾ ಅಥವಾ ಟೇಬಲ್ ಸಾ ಎಲ್ಲಕ್ಕಿಂತ ಚೆನ್ನಾಗಿ ಮಾಡುತ್ತದೆ. ಮೆಷಿನ್ ಜೊತೆ ಬರುವ 24 ಹಲ್ಲಿನ ಬ್ಲೇಡ್ ತೆಗೆದಿಡಿ, ಅದು ಮರ ಸೀಳಲು ಇರುವುದು. ಕಾರ್ಬೈಡ್ ಹಲ್ಲಿನ ಬ್ಲೇಡ್ ಬೇಕು: 7 ಇಂಚಿಗೆ 60 ಹಲ್ಲು, 10 ಇಂಚಿಗೆ 80. ಒಂದು ಹಲ್ಲು ಚಪ್ಪಟೆ, ಪಕ್ಕದ ಹಲ್ಲಿನ ಮೂಲೆಗಳು ಕತ್ತರಿಸಿದ ಹಾಗೆ ಇರುವ ಟ್ರಿಪಲ್ ಚಿಪ್ ಬ್ಲೇಡ್ ಸಿಕ್ಕರೆ ಅದೇ ಸರಿ, ಅಲ್ಯೂಮಿನಿಯಂ ಕೆಲಸದವರ ಹತ್ತಿರ ಇರುತ್ತದೆ. ಬ್ಲೇಡ್ ಶೀಟಿನಿಂದ ಸುಮಾರು ಅರ್ಧ ಇಂಚು ಆಚೆ ಬಂದರೆ ಸಾಕು. ಅಡಿಗೆ ಥರ್ಮಾಕೋಲ್ ಅಥವಾ ಪ್ಲೈವುಡ್ ಹಾಸಿ, ಒಂದೇ ನಡಿಗೆಯಲ್ಲಿ ತಳ್ಳಿ. ಅರ್ಧದಲ್ಲಿ ನಿಲ್ಲಿಸಿದರೆ ನಿಂತ ಜಾಗದಲ್ಲಿ ಕರಗಿದ ಗುರುತು ಉಳಿಯುತ್ತದೆ.

ನಮ್ಮಲ್ಲಿ ತುಂಬ ಮನೆಗಳಲ್ಲಿ ಇರುವುದು 4 ಇಂಚಿನ ಮಾರ್ಬಲ್ ಕಟರ್. ಅದಕ್ಕೆ ಮರದ ಬ್ಲೇಡ್ ಹಾಕಿ ಅಕ್ರಿಲಿಕ್ ಕತ್ತರಿಸುವವರನ್ನು ನೋಡಿದ್ದೇನೆ. ಅಂಚು ಪರವಾಗಿಲ್ಲ ಅನ್ನುವಂತೆ ಬರುತ್ತದೆ. ಆದರೆ ಆ ಮೆಷಿನ್ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ, ಕಲ್ಲು ಉಜ್ಜುವ ಹಲ್ಲಿಲ್ಲದ ಬ್ಲೇಡಿಗೆಂದು ಮಾಡಿದ್ದು. ಹಲ್ಲಿನ ಬ್ಲೇಡ್ ಅಕ್ರಿಲಿಕ್‌ಗೆ ಕಚ್ಚಿಕೊಂಡರೆ ಮೆಷಿನ್ ನಿಮ್ಮ ಕಡೆಗೇ ಹಾರುತ್ತದೆ, ತಡೆಯಲು ಪೂರ್ತಿ ಗಾರ್ಡ್ ಇಲ್ಲ. ಅನುಭವ ಇಲ್ಲದವರು ಇದನ್ನು ದಯವಿಟ್ಟು ಮಾಡಬೇಡಿ. ಲೋಹ ಉಜ್ಜುವ ಆಂಗಲ್ ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕುವುದಂತೂ ಅನುಭವ ಇದ್ದವರೂ ಮಾಡಬಾರದು. ಬೆರಳಿಗಿಂತ ಶೀಟ್ ದೊಡ್ಡದಲ್ಲ.

ಟ್ರಿಮ್ಮರ್ ಕತ್ತರಿಸಲು ಅಲ್ಲ, ಸರಿ ಮಾಡಲು

ಸನ್‌ಮೈಕಾ ಅಂಚು ಸವರುವ ಟ್ರಿಮ್ಮರ್ ನಿಮ್ಮಲ್ಲಿದ್ದರೆ ಅದೃಷ್ಟ. ಜಿಗ್‌ಸಾದಿಂದ 1 ಎಂಎಂ ಜಾಸ್ತಿ ಬಿಟ್ಟು ಕತ್ತರಿಸಿ, ಎಂಡಿಎಫ್‌ನಲ್ಲಿ ಮಾಡಿದ ಅಚ್ಚನ್ನು ಡಬಲ್ ಟೇಪ್‌ನಿಂದ ಅಂಟಿಸಿ, ಅಚ್ಚಿಗೆ ಒರಗಿ ಉರುಳುವ ಬೇರಿಂಗ್ ಇರುವ ನೇರ ಬಿಟ್‌ನಿಂದ ಸುತ್ತ ಒಮ್ಮೆ ಓಡಿಸಿ. ಅಂಚು ಕನ್ನಡಿಯಲ್ಲ, ಆದರೆ ನಯವಾದ ಮಂಜಿನ ಹಾಗೆ ಬರುತ್ತದೆ, ಪಾಲಿಶ್ ಮಾಡಲು ಅರ್ಧ ಕೆಲಸ ಮುಗಿದ ಹಾಗೆ. ಹೊರ ಅಂಚಿನಲ್ಲಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲೇ ಸಾಗಬೇಕು. ಒಂದೇ ಜಾಗದಲ್ಲಿ ನಿಂತರೆ ಇದೂ ಕರಗಿಸುತ್ತದೆ. ಒಂದೇ ಥರದ ನಾಲ್ಕು ತುಂಡು ಬೇಕಾದಾಗ ಇದರಷ್ಟು ನಂಬಿಕೆಯ ದಾರಿ ಮನೆಯಲ್ಲಿ ಇನ್ನೊಂದಿಲ್ಲ.

ಲೇಸರ್ ಅಂಗಡಿಗೆ ಕೊಡುವುದು ಯಾವಾಗ

ಅಕ್ಷರ, ಜಾಲಂಧ್ರ, ಸಣ್ಣ ತೂತುಗಳು, ಒಳಮೂಲೆಗಳು ಇದ್ದರೆ ಮನೆಯಲ್ಲಿ ಒದ್ದಾಡಬೇಡಿ. ಕಂಪ್ಯೂಟರಿನಲ್ಲಿ ಬರೆದ ಚಿತ್ರದ ಕೋರೆಲ್‌ಡ್ರಾ ಅಥವಾ ಡಿಎಕ್ಸ್‌ಎಫ್ ಫೈಲ್ ಒಯ್ದರೆ ಲೇಸರ್ ಕಟಿಂಗ್ ಅಂಗಡಿಯವರು ಕೆಲವೇ ನಿಮಿಷದಲ್ಲಿ ಕೊಡುತ್ತಾರೆ, ಅಂಚು ಹೊಳೆಯುತ್ತಿರುತ್ತದೆ. ಅವರ ಹತ್ತಿರ ಇರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಮನೆಗೆ ಸಿಗುವ ಚಿಕ್ಕ ನೀಲಿ ಡಯೋಡ್ ಲೇಸರ್ ಪಾರದರ್ಶಕ ಅಕ್ರಿಲಿಕ್ ಕತ್ತರಿಸುವುದಿಲ್ಲ. ಆ ಬೆಳಕು ಕಿಟಕಿಯಲ್ಲಿ ಬಿಸಿಲು ಹಾದ ಹಾಗೆ ದಾಟಿ ಹೋಗುತ್ತದೆ. ಕಪ್ಪು ಶೀಟನ್ನು ಅದು ಕತ್ತರಿಸಬಲ್ಲದು. ಜೊತೆಗೆ ಪಿವಿಸಿ ಫೋಮ್ ಶೀಟನ್ನು ಯಾವ ಲೇಸರ್‌ಗೂ ಹಾಕಬೇಡಿ, ವಿಷದ ಆಮ್ಲದ ಹೊಗೆ ಬರುತ್ತದೆ.

ಲೇಸರ್‌ನ ಒಂದು ದೋಷ ತುಂಬ ಜನಕ್ಕೆ ತಡವಾಗಿ ಗೊತ್ತಾಗುತ್ತದೆ. ಬಿಸಿಯಿಂದ ಕರಗಿ ಹೊಳೆದ ಆ ಅಂಚಿನೊಳಗೆ ಬಿಗಿತ ಉಳಿದಿರುತ್ತದೆ. ಅದಕ್ಕೆ ಸ್ಪಿರಿಟ್ ಅಥವಾ ಅಂಟಿಸುವ ದ್ರವ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಏಳುತ್ತವೆ. ಕೆಲವೊಮ್ಮೆ ಮಾರನೆಯ ದಿನ. ಅಂಟಿಸಬೇಕಾದ ಪೆಟ್ಟಿಗೆಗೆ ಲೇಸರ್ ಅಂಚಿಗಿಂತ ಗರಗಸದಿಂದ ಕತ್ತರಿಸಿ ಕೆರೆದ ಅಂಚೇ ಮೇಲು ಅಂತ ನಾನು ಹೇಳುವುದು ಇದಕ್ಕೇ. ಬೆಂಕಿ ಹಾಯಿಸಿ ಪಾಲಿಶ್ ಮಾಡಿದ ಅಂಚಿಗೂ ಇದೇ ತೊಂದರೆ.

ಅಂಚಿನ ಕೆಲಸ

ಗೀರಿ ಮುರಿದ ಅಂಚಿನಲ್ಲಿ ಒಂದು ಬದಿ ಗೀರಿನ ಇಳಿಜಾರು ಇರುತ್ತದೆ. ಹ್ಯಾಕ್ಸಾ ಬ್ಲೇಡಿನ ಬೆನ್ನನ್ನು ಅಂಚಿಗೆ ನೆಟ್ಟಗೆ ಹಿಡಿದು ಎಳೆದರೆ ಸುರುಳಿ ಎದ್ದು ಅಂಚು ಚಪ್ಪಟೆಯಾಗುತ್ತದೆ. ಅಂಟಿಸುವ ಅಂಚಿಗೆ ಇಷ್ಟೇ ಸಾಕು, ಪಾಲಿಶ್ ಬೇಡ. ಪಾಲಿಶ್ ಮಾಡುವಾಗ ಮೂಲೆ ದುಂಡಾಗಿ ಜೋಡಣೆಯಲ್ಲಿ ಗುಳ್ಳೆ ನಿಲ್ಲುತ್ತದೆ. ಅಕ್ರಿಲಿಕ್ ಕೆಲಸದವರು ಅಂಟಿಸಲು ಕ್ಲೋರೋಫಾರ್ಮ್ ಬಳಸುತ್ತಾರೆ, ಸಿರಿಂಜಿನಲ್ಲಿ ಸಂದಿಗೆ ಬಿಟ್ಟರೆ ತಾನೇ ಹರಿದುಕೊಂಡು ಹೋಗುತ್ತದೆ. ಅದರ ಆವಿ ಕೆಟ್ಟದ್ದು. ಹೊರಗೆ ಗಾಳಿಯಲ್ಲಿ ಮಾಡಿ, ಮಕ್ಕಳು ಹತ್ತಿರ ಇರಬಾರದು.

ಕಣ್ಣಿಗೆ ಕಾಣುವ ಅಂಚಿಗೆ ವಾಟರ್ ಪೇಪರ್ ಹಿಡಿಯಿರಿ. ಮರದ ತುಂಡಿಗೆ ಸುತ್ತಿ, ನೀರು ಹಾಕಿಕೊಂಡು 220, 400, 600, 1000 ನಂಬರಿನ ಪೇಪರುಗಳಿಂದ ಒಂದಾದ ಮೇಲೊಂದರಂತೆ ಉಜ್ಜಿ. ಹಿಂದಿನ ಪೇಪರಿನ ಗೀರು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗಬಾರದು. ಕೊನೆಗೆ ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್, ಮೆತ್ತನೆಯ ಬಟ್ಟೆ. ಒಂದು ಅಡಿ ಅಂಚಿಗೆ ಕಾಲು ಗಂಟೆ ಹಿಡಿಯುತ್ತದೆ, ಆದರೆ ಬೆಳಕು ಒಳಗೆ ಓಡುವುದನ್ನು ನೋಡಿದರೆ ಆ ಹೊತ್ತು ಭಾರ ಅನ್ನಿಸುವುದಿಲ್ಲ. ಫ್ರೇಮಿನೊಳಗೆ ಹೋಗುವ ಅಂಚಿಗೆ ಇದ್ಯಾವುದೂ ಬೇಡ, ಕೈಗೆ ಕೊಯ್ಯದ ಹಾಗೆ ಒಮ್ಮೆ ಅರ ಎಳೆದರೆ ಆಯಿತು. ಆದರೆ ಫ್ರೇಮಿನಲ್ಲಿ ಸಂದು ಬಿಡುವುದನ್ನು ಮರೆಯಬೇಡಿ. ಒಂದು ಮೀಟರ್ ಶೀಟ್ 30 ಡಿಗ್ರಿ ಬಿಸಿ ಏರಿದರೆ ಸುಮಾರು 2 ಎಂಎಂ ಉದ್ದವಾಗುತ್ತದೆ. ಬಿಸಿಲಿಗೆ ತೆರೆದ ಬೋರ್ಡನ್ನು ಬಿಗಿಯಾಗಿ ಕೂರಿಸಿದರೆ ಅದು ಬಾಗುತ್ತದೆ, ಸ್ಕ್ರೂ ಇದ್ದ ಕಡೆ ಒಡೆಯುತ್ತದೆ.

ಎಲ್ಲ ಮುಗಿದ ಮೇಲೆ ಫಿಲ್ಮ್ ಕೀಳಿ. ಒಣ ಬಟ್ಟೆಯಿಂದ ಉಜ್ಜಿದರೆ ಶೀಟ್ ದೂಳನ್ನು ಎಳೆದುಕೊಳ್ಳುತ್ತದೆ, ಆ ದೂಳೇ ಗೀರು ಹಾಕುತ್ತದೆ. ಗಾಜು ಒರೆಸುವ ಸ್ಪ್ರೇ, ಸ್ಪಿರಿಟ್, ಥಿನ್ನರ್ ಯಾವುದೂ ತಾಗಬಾರದು. ಸೋಪಿನ ನೀರು, ಒದ್ದೆ ಹತ್ತಿ ಬಟ್ಟೆ, ಅಷ್ಟೇ. ಅಮ್ಮನ ಗೊಂಬೆ ಪೆಟ್ಟಿಗೆಯ ಪಕ್ಕ ಅದಕ್ಕೆಂದೇ ಒಂದು ಹಳೆಯ ಬನಿಯನ್ ಮಡಿಸಿ ಇಟ್ಟಿದ್ದೇನೆ.